ಕೀಲಿ ಕೊಡುವ ಕೈ

ರಾಜ್ಯಗಳ ಪತನಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳು ಒಂದೊಂದು ತಾರೀಖನ್ನು ಗೊತ್ತುಮಾಡಿ ಕೊಟ್ಟಿವೆ. ವಿಜಯನಗರಕ್ಕೆ ೧೫೬೫, ಶ್ರೀರಂಗಪಟ್ಟಣಕ್ಕೆ ೧೭೯೯ ಎಂದು ವಿದ್ಯಾರ್ಥಿಯು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತಾನೆ. ದೊಡ್ಡದೊಂದು ವ್ಯವಸ್ಥೆ ಒಂದೇ ದಿನದಲ್ಲಿ ಬೀಳಲಾರದೆಂಬುದು ಆ ಪಾಠವನ್ನು ಹೇಳುವ ಅಧ್ಯಾಪಕನಿಗೆ ಗೊತ್ತಿಲ್ಲದ ಮಾತೇನೂ ಅಲ್ಲ. ಆದರೆ ಪರೀಕ್ಷೆಗೆ ತಾರೀಖು ಬೇಕು. ಕಾರ್ಖಾನೆ, ಕಚೇರಿ, ಕಂಪನಿಗಳ ಕಥೆಯೂ ಇದೇ. ಹೆಬ್ಬಾಗಿಲಿಗೆ ಬೀಗ ಬಿದ್ದ ದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಒಳಗೆ ದುಡಿಯುವವರ ಬಾಯಿಗೆ ಬೀಗ ಬಿದ್ದ ದಿನ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಈ ಎರಡು ಬೀಗಗಳ ನಡುವೆ ಎಷ್ಟು ವರ್ಷಗಳು ಕಳೆಯುತ್ತವೆ, ಆ ಅವಧಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸುವುದು ನಮ್ಮ ತುಮಕೂರಿನವರಿಗೆ ಇಂದು ಅಗತ್ಯವಾಗಿದೆಯೆಂದು ನನಗೆ ತೋರುತ್ತದೆ.

ತುಮಕೂರು ಎಂದೊಡನೆ ಹಿಂದಿನ ತಲೆಮಾರಿನವರಿಗೆ ನೆನಪಾಗುವ ಹೆಸರುಗಳಲ್ಲಿ ಗಡಿಯಾರದ ಕಾರ್ಖಾನೆಯೂ ಒಂದು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿತವಾದುದು ೧೯೫೩ರಲ್ಲಿ. ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುವುದು ಅದರ ಮೊದಲ ಉದ್ದೇಶವಾಗಿದ್ದಿತು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಮೊದಲ ಗಡಿಯಾರಗಳನ್ನು ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದರು. ತುಮಕೂರಿನ ಕಾರ್ಖಾನೆ ತಲೆಯೆತ್ತಿದುದು ೧೯೭೮ರಲ್ಲಿ. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಆ ಕಾಲದಲ್ಲಿ ಮನೆಯ ಮಕ್ಕಳ ಹೆಸರುಗಳಷ್ಟೇ ಬಳಕೆಯಲ್ಲಿದ್ದುವು. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದರೆ ಗಡಿಯಾರ, ಕೆಲಸ ಸಿಕ್ಕಿದರೆ ಗಡಿಯಾರ, ಮದುವೆಯಲ್ಲಿ ಅಳಿಯನಿಗೆ ಗಡಿಯಾರ. ಸಂಸ್ಥೆಯ ಜೀವಿತಾವಧಿಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ಗಡಿಯಾರಗಳು ಈ ದೇಶದ ಮಣಿಕಟ್ಟುಗಳನ್ನು ಸೇರಿದುವು. ದೇಶಕ್ಕೆ ಕಾಲವನ್ನು ತಿಳಿಸುವವರು ತಾವೆಂದು ಸಂಸ್ಥೆ ಹೇಳಿಕೊಂಡಿದ್ದರಲ್ಲಿ ಜಂಬಕ್ಕಿಂತ ಹೆಚ್ಚಾಗಿ ನಿಜವೇ ಇದ್ದಿತು.

ಇಂದು ನಾವು ‘ತಂತ್ರಜ್ಞಾನದ ಕಂಪನಿ’ ಎಂದರೆ ಗಾಜಿನ ಕಟ್ಟಡ, ಗಣಕಯಂತ್ರ, ಕೊರಳಿಗೆ ತೂಗುವ ಗುರುತಿನ ಪಟ್ಟಿ, ಇವನ್ನೇ ಕಲ್ಪಿಸಿಕೊಳ್ಳುತ್ತೇವೆ. ಅಂದಿಗೆ ತಂತ್ರಜ್ಞಾನವೆಂದರೆ ಈ ಗಡಿಯಾರವೇ. ಕೀಲಿ ಕೊಡುವ ಸಾಮಾನ್ಯ ಕೈಗಡಿಯಾರವೊಂದನ್ನು ತೆರೆದು ನೋಡಿದವರಿಗೆ ಅದರ ಸೋಜಿಗ ತಿಳಿದೀತು. ಅದರ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ; ಎಂದರೆ ದಿನವೊಂದಕ್ಕೆ ೪,೩೨,೦೦೦ ಮಿಡಿತಗಳು. ಅಚ್ಚುಗಳು ಸವೆಯದಂತೆ ಹದಿನೇಳು ಕಡೆ ಕೃತಕ ಮಾಣಿಕ್ಯದ ಹರಳುಗಳನ್ನು ಕೂಡಿಸಿರುತ್ತಾರೆ. ದಿನದಲ್ಲಿ ಅರ್ಧ ನಿಮಿಷ ಹಿಂದುಮುಂದಾದರೆ ಗಿರಾಕಿ ಗೊಣಗುತ್ತಾನೆ. ಆದರೆ ಅರ್ಧ ನಿಮಿಷವೆಂದರೆ ೨,೮೮೦ರಲ್ಲಿ ಒಂದು ಪಾಲಿನ ತಪ್ಪು! ಅಕ್ಕಿ ಅಳೆಯುವವನಾಗಲಿ, ಬಟ್ಟೆ ಕತ್ತರಿಸುವವನಾಗಲಿ, ಉತ್ತರಪತ್ರಿಕೆಗಳನ್ನು ತಿದ್ದುವ ನಾವಾಗಲಿ ಅಷ್ಟು ನಿಷ್ಕೃಷ್ಟವಾಗಿರುವುದನ್ನು ಯಾರೂ ನಿರೀಕ್ಷಿಸುವುದಿಲ್ಲ. ರಾಗಿ, ತೆಂಗು, ಅಡಕೆಗಳ ಸೀಮೆಯಿಂದ ಬಂದ ಹುಡುಗರೂ ಹುಡುಗಿಯರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಆ ಕೆಲಸವನ್ನು ಕಲಿತರು. ಒಂದು ಕಣ ಧೂಳು ಬಿದ್ದರೆ ಗಡಿಯಾರ ಕೆಟ್ಟಿತು. ಧೂಳು ಬಿದ್ದುದನ್ನು ಮುಚ್ಚಿಟ್ಟರೂ ಕೆಟ್ಟಿತು. ಆದುದರಿಂದ ಆ ಬಗೆಯ ಕೆಲಸದಲ್ಲಿ ಕೈಯ ಚಳಕ ಎಷ್ಟು ಬೇಕೋ ‘ಇಲ್ಲಿ ತಪ್ಪಾಗಿದೆ’ ಎಂದು ಬಾಯಿ ಬಿಟ್ಟು ಹೇಳುವ ನಿರ್ಭಯವೂ ಅಷ್ಟೇ ಬೇಕು. ಕೆಲಸದ ಮನೆಯೊಂದರ ಸಂಸ್ಕೃತಿಯೆಂದು ನಾನು ಕರೆಯುವುದು ಇದನ್ನು.

‘ಸಂಸ್ಕೃತಿ’ ಎಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಸವೆಯಿಸಿಬಿಟ್ಟಿದ್ದೇವೆ. ಆದರೂ ಅದರ ಮೂಲದಲ್ಲಿರುವುದು ಸಂಸ್ಕಾರ; ಎಂದರೆ ಮತ್ತೆ ಮತ್ತೆ ಮಾಡಿ ಒಗ್ಗಿಸಿಕೊಂಡದ್ದು. ಗೋಡೆಗೆ ತೂಗುಹಾಕಿದ ಸುಭಾಷಿತದಲ್ಲಿ ಅದು ಇರುವುದಿಲ್ಲ. ಹಿರಿಯನು ಕಿರಿಯನಿಗೆ ಉಪಕರಣವನ್ನು ಹಿಡಿಯುವುದು ಹೇಗೆಂದು ತೋರಿಸುವಲ್ಲಿ, ಊಟದ ಬಿಡುವಿನಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆಂಬುದರಲ್ಲಿ, ಕೆಟ್ಟ ಸುದ್ದಿಯನ್ನು ತಂದವನನ್ನು ಮೇಲಧಿಕಾರಿ ಯಾವ ಮುಖದಿಂದ ನೋಡುತ್ತಾನೆಂಬುದರಲ್ಲಿ ಅದು ನೆಲೆಸಿರುತ್ತದೆ.

‘ಕಂಪನಿ’ ಎಂಬ ಶಬ್ದದ ಚರಿತ್ರೆಯೂ ನಮ್ಮ ಸೀಮೆಯಲ್ಲಿ ಸ್ವಾರಸ್ಯವಾಗಿದೆ. ಇಂದಿನವರಿಗೆ ಕಂಪನಿಯೆಂದರೆ ಬೆಂಗಳೂರು. ನಮ್ಮ ಅಜ್ಜಂದಿರಿಗೆ ಕಂಪನಿಯೆಂದರೆ ನಾಟಕದ ಕಂಪನಿ. ಅದರಲ್ಲಿಯೂ ಗುಬ್ಬಿ ಕಂಪನಿ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ೧೯೧೭ರಲ್ಲಿ ವೀರಣ್ಣನವರ ಕೈಗೆ ಬಂದ ಮೇಲೆ ಕನ್ನಡ ನಾಡಿನ ಅತಿ ದೊಡ್ಡ ಉದ್ಯೋಗಶಾಲೆಗಳಲ್ಲಿ ಒಂದಾಯಿತೆಂದರೂ ತಪ್ಪಾಗದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸಾಹಸವನ್ನು ಎಲ್ಲರೂ ಹೇಳುತ್ತಾರೆ. ಅದು ಆ ಕಾಲದ ತಂತ್ರಜ್ಞಾನ. ಅದಕ್ಕಿಂತ ದೊಡ್ಡದು ಕಂಪನಿಯೊಳಗಿನ ಶಿಕ್ಷಣ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮೊದಲಾದವರು ಆ ಚಾವಡಿಯಲ್ಲಿ ಪಳಗಿ ಹೊರಬಂದವರು. ಬಾಲಕನಾಗಿ ಬಂದು ಸೇರಿದ ಬಿ.ವಿ. ಕಾರಂತರನ್ನು ಮುಂದೆ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿಕೊಟ್ಟವರು ವೀರಣ್ಣನವರು. ಓದಿ ಬಂದವನು ಮರಳಿ ತಮ್ಮಲ್ಲಿಗೇ ಬಂದಾನೆಂಬ ಭರವಸೆಯ ಪತ್ರವನ್ನು ಬರೆಯಿಸಿಕೊಂಡು ಮಾಡುವ ಔದಾರ್ಯವಲ್ಲ ಇದು. ತನ್ನ ಬಳಿ ಇರುವವನು ತನಗಿಂತ ದೊಡ್ಡವನಾಗಲೆಂದು ಯಜಮಾನ ಬಯಸುವ ಕಡೆ ಕೆಲಸದ ಮನೆಗೆ ಕಳೆಯಿರುತ್ತದೆ. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಆ ಕಾಯಕವೆಂಬ ಮಾತಿನ ವಿಚಾರಕ್ಕೆ ಮುಂದೆ ಬರುತ್ತೇನೆ.

ಈಗ ಗಡಿಯಾರದ ಕಾರ್ಖಾನೆ ಏಕೆ ನಿಂತಿತೆಂಬ ಪ್ರಶ್ನೆ. ಎಲ್ಲರ ಬಾಯಲ್ಲಿರುವ ಉತ್ತರ ಕ್ವಾರ್ಟ್ಸ್ ಎಂಬುದು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಸ್ಫಟಿಕದ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಕ್ವಾರ್ಟ್ಸ್ ಗಡಿಯಾರದಲ್ಲಿ ಸ್ಫಟಿಕ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಐದು ಸಲ ಮಿಡಿಯುವ ಚಕ್ರ ಅದರೊಡನೆ ನಿಷ್ಕೃಷ್ಟತೆಯಲ್ಲಿ ಪಂದ್ಯ ಕಟ್ಟಲಾರದು. ಸ್ವಿಟ್ಜರ್ಲೆಂಡಿನ ಹೆಸರಾಂತ ಮನೆತನಗಳೇ ಆ ಪೆಟ್ಟಿಗೆ ತತ್ತರಿಸಿದುವೆಂದ ಮೇಲೆ ನಮ್ಮ ಪಾಡೇನು ಎಂದು ಕೇಳುವವರುಂಟು. ಮಾತು ಸರಿಯೆ, ಆದರೆ ಪೂರ್ತಿ ಸರಿಯಲ್ಲ. ಏಕೆಂದರೆ ಕ್ವಾರ್ಟ್ಸ್ ನಮಗೆ ಅಪರಿಚಿತವಾಗಿ ಉಳಿದಿರಲಿಲ್ಲ. ತುಮಕೂರಿನ ಕಾರ್ಖಾನೆಯ ಒಂದು ಭಾಗವನ್ನೇ ಸಿಟಿಜನ್ ಕಂಪನಿಯ ನೆರವಿನಿಂದ ಕ್ವಾರ್ಟ್ಸ್ ಗಡಿಯಾರಗಳಿಗಾಗಿ ಮಾರ್ಪಡಿಸಲಾಗಿದ್ದಿತು. ವಿದ್ಯೆ ಊರೊಳಗೇ ಇದ್ದಿತು.

೧೯೮೪ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟಾನ್ ಕಂಪನಿಯನ್ನು ಸ್ಥಾಪಿಸಿದುವು. ಅದರ ಕಾರ್ಖಾನೆ ಹೊಸೂರಿನಲ್ಲಿ, ನಮ್ಮ ಗಡಿಯಿಂದ ಕೂಗಳತೆಯ ದೂರದಲ್ಲಿ. ಆ ಹೊಸ ಕಾರ್ಖಾನೆಗೆ ಬುನಾದಿ ಹಾಕಿದವರಲ್ಲಿ ಎಚ್.ಎಂ.ಟಿ.ಯಲ್ಲಿ ಪಳಗಿದ ತಂತ್ರಜ್ಞರೂ ಇದ್ದರು. ಇದನ್ನು ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಕೈಗಳು ಅವೇ, ಕಣ್ಣುಗಳು ಅವೇ, ವಿದ್ಯೆಯೂ ಅದೇ. ಒಂದು ಮನೆಯಲ್ಲಿ ಫಲಿಸದೆ ನಿಂತದ್ದು ಇನ್ನೊಂದು ಮನೆಯಲ್ಲಿ ಫಲಿಸಿತು. ಸರ್ಕಾರದ ಉದ್ಯಮಕ್ಕೆ ಖಾಸಗಿಯವರಿಗಿಲ್ಲದ ಹೊರೆಗಳಿದ್ದುವು. ಬೆಲೆ, ಬಂಡವಾಳ, ನೇಮಕ ಎಲ್ಲಕ್ಕೂ ದಿಲ್ಲಿಯ ಕಡೆ ನೋಡಬೇಕಾಗಿದ್ದಿತು. ೧೯೯೧ರ ತರುವಾಯ ಮಾರುಕಟ್ಟೆಯ ಬಾಗಿಲುಗಳು ತೆರೆದುವು. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಹಿಡಿದ ಮೇಲೂ ಒಂದು ಶೇಷ ಉಳಿಯುತ್ತದೆ. ವಿದ್ಯೆಯುಳ್ಳವನು ತನ್ನ ಮಾತು ಮುಂದಕ್ಕೆ ಸಾಗುವುದಿಲ್ಲವೆಂದು ಅರಿತ ದಿನ ಅವನ ವಿದ್ಯೆ ಆ ಮನೆಯ ಆಸ್ತಿಯಾಗಿ ಉಳಿಯುವುದಿಲ್ಲ.

೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಅದರೊಡನೆ ಶ್ರೀನಗರದ ಚಿನಾರ್ ವಾಚಸ್, ಬೇರಿಂಗುಗಳ ಕಂಪನಿ ಇವೂ ಮುಗಿದುವು. ನೌಕರರ ನಿವೃತ್ತಿಯ ಪರಿಹಾರವೇ ಮೊದಲಾದುವಕ್ಕೆ ಸುಮಾರು ೪೨೭ ಕೋಟಿ ರೂಪಾಯಿಗಳನ್ನು ಗೊತ್ತುಮಾಡಲಾಯಿತು. ಆ ಆಜ್ಞೆಯಲ್ಲಿದ್ದ ಒಂದು ವಿವರ ನನ್ನ ಮನಸ್ಸನ್ನು ಇಂದಿಗೂ ಚುಚ್ಚುತ್ತದೆ. ನೌಕರರ ಸ್ವಯಂನಿವೃತ್ತಿಯ ಮೊತ್ತವನ್ನು ೨೦೦೭ರ ವೇತನಶ್ರೇಣಿಯನ್ನು ಊಹಿಸಿಕೊಂಡು ಲೆಕ್ಕಹಾಕಬೇಕೆಂದೂ, ಇದು ಅವರಿಗೆ ತೋರುವ ರಿಯಾಯಿತಿಯೆಂದೂ ಹೇಳಲಾಗಿದ್ದಿತು. ೨೦೧೬ರಲ್ಲಿ ೨೦೦೭ರ ಸಂಬಳ ರಿಯಾಯಿತಿಯಾಗಬೇಕಾದರೆ ಅವರು ಅಲ್ಲಿಯವರೆಗೆ ದುಡಿಯುತ್ತಿದ್ದುದು ಅದಕ್ಕಿಂತಲೂ ಹಿಂದಿನ ಶ್ರೇಣಿಯಲ್ಲಿ ಎಂದಾಯಿತು. ದೇಶಕ್ಕೆಲ್ಲ ಕಾಲವನ್ನು ತಿಳಿಸಿದವರ ಸ್ವಂತ ಕಾಲ ಎಷ್ಟೋ ವರ್ಷಗಳ ಹಿಂದೆಯೇ ನಿಂತುಹೋಗಿದ್ದಿತು. ಬೀಗ ಬಿದ್ದುದು ತಡವಾಗಿ.

ಕೀಲಿ ಕೊಡುವ ಗಡಿಯಾರದ ಗುಣವೇ ಇದು. ಬೆಳಿಗ್ಗೆ ಒಮ್ಮೆ ಕೀಲಿ ಕೊಟ್ಟರೆ ಸ್ಪ್ರಿಂಗಿನಲ್ಲಿ ಕೂಡಿಟ್ಟ ಬಲದಿಂದ ಅದು ಸುಮಾರು ಒಂದೂವರೆ ದಿನ ನಡೆಯುತ್ತದೆ. ಮರುದಿನ ಕೀಲಿ ಕೊಡಲು ಮರೆತರೆ ಒಡನೆಯೇ ಏನೂ ಆಗದು. ಮುಳ್ಳು ಓಡುತ್ತಲೇ ಇರುತ್ತದೆ. ಮರೆತವನು ತನ್ನ ಮರೆವಿನಿಂದ ಕೇಡಿಲ್ಲವೆಂದೇ ಭಾವಿಸುತ್ತಾನೆ. ಒಳಗೆ ಸ್ಪ್ರಿಂಗು ಸಡಿಲವಾದಂತೆ ಚಕ್ರದ ತೂಗಾಟ ಕಿರಿದಾಗುತ್ತ ಬರುತ್ತದೆ. ಮೊದಲು ವೇಳೆ ತಪ್ಪುತ್ತದೆ, ಆಮೇಲೆ ಗಡಿಯಾರ ನಿಲ್ಲುತ್ತದೆ. ಕುಣಿಗಲಿನ ಕೆರೆಯನ್ನು ಬಲ್ಲವರಿಗೆ ಇದನ್ನೇ ಬೇರೆ ಬಗೆಯಲ್ಲಿ ಹೇಳಬಹುದು. ಜನಪದರು ಹಾಡು ಕಟ್ಟಿ ಹೊಗಳಿದ ಕೆರೆಯಾದರೂ ಅದಕ್ಕೊಬ್ಬ ನೀರುಗಂಟಿ ಬೇಕು, ಕಾಲಕಾಲಕ್ಕೆ ಹೂಳು ತೆಗೆಯಬೇಕು, ತೂಬನ್ನು ನೋಡಿಕೊಳ್ಳಬೇಕು. ನಮ್ಮ ಸೀಮೆಯ ಎಷ್ಟೋ ಕೆರೆಗಳು ಏರಿ ಒಡೆದು ಹಾಳಾದುವಲ್ಲ. ವರ್ಷಕ್ಕೆ ಬೆರಳುದ್ದ ಹೂಳು ತುಂಬಿ, ನೀರು ತುಂಬಿದಂತೆ ಕಾಣುತ್ತಲೇ ಆಳವನ್ನು ಕಳೆದುಕೊಂಡುವು.

ಹೀಗೆಂದು ನಾನು ಬರೆಯಲು ಹೊರಟುದು ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವುದಕ್ಕಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರು. ಕುಣಿಗಲಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ೨೦೧೭ರಿಂದ ಅಲ್ಲಿಗೂ ರೈಲು ಬಂದಿದೆ. ನಮ್ಮ ಕಾಲೇಜುಗಳಲ್ಲಿ ಓದಿದ ಮಕ್ಕಳು ಹೊತ್ತು ಮೂಡುವ ಮೊದಲೇ ಬುತ್ತಿ ಕಟ್ಟಿಕೊಂಡು ಈ ದಾರಿಗಳಲ್ಲಿ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಅವರ ಕಂಪನಿಗಳಲ್ಲಿ ಗಡಿಯಾರವಾಗಲಿ ಭೂತಗನ್ನಡಿಯಾಗಲಿ ಇಲ್ಲ. ಅವರು ಮಾಡುವ ವಸ್ತು ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಒಂದು ಕಣ ಧೂಳು ಅಲ್ಲಿಯೂ ಬೀಳುತ್ತದೆ.

ಅಂತಹವರಲ್ಲಿ ಒಬ್ಬಳು ಕುಣಿಗಲು ಕಡೆಯ ಹೆಣ್ಣುಮಗಳು. ಪದವಿ ತರಗತಿಯಲ್ಲಿ ನನ್ನಿಂದ ಕನ್ನಡದ ಪಾಠ ಕೇಳಿದವಳು. ಬೆಂಗಳೂರಿನ ತಂತ್ರಜ್ಞಾನದ ಕಂಪನಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕೆಲಸದಲ್ಲಿದ್ದಳು. ಕಂಪನಿಯ ಹೆಸರು ನಮಗೆ ಬೇಡ. ಕಳೆದ ಬೇಸಗೆಯಲ್ಲಿ ಮನೆಗೆ ಬಂದವಳು ಕಾಫಿ ಆರುವವರೆಗೂ ಸುಮ್ಮನೆ ಕುಳಿತಿದ್ದಳು. ಬಳಿಕ ಹೇಳತೊಡಗಿದಳು. ಆಕೆ ಸೇರಿದ ಹೊಸತರಲ್ಲಿ ನಡುರಾತ್ರಿ ಏನಾದರೂ ಕೆಟ್ಟರೆ ಎಲ್ಲರೂ ಕೂಡಿ ಸರಿಪಡಿಸುತ್ತಿದ್ದರಂತೆ. ಮರುದಿನ ಹಿರಿಯರೊಬ್ಬರು ಎಲ್ಲರನ್ನೂ ಕುಳ್ಳಿರಿಸಿಕೊಂಡು, ಅದು ಹೇಗೆ ಕೆಟ್ಟಿತೆಂಬುದನ್ನು ಹಂತಹಂತವಾಗಿ ಬರೆಯಿಸುತ್ತಿದ್ದರು. ಆ ಬರಹದಲ್ಲಿ ಯಾರ ಹೆಸರೂ ಇರಬಾರದೆಂಬುದೊಂದೇ ಕಟ್ಟಳೆ. ಆ ಹಿರಿಯರು ಬಿಟ್ಟುಹೋದರು. ಮೇಲೆ ಹೊಸಬರು ಬಂದರು. ಬರಹದ ಹಾಳೆಯಲ್ಲಿ ‘ಹೊಣೆ ಯಾರದು’ ಎಂಬ ಹೊಸ ಕಲಮು ಸೇರಿತು. ಅಷ್ಟೇ. ಮೇಲುನೋಟಕ್ಕೆ ನ್ಯಾಯವಾದ ಪ್ರಶ್ನೆ. ಆರು ತಿಂಗಳೊಳಗೆ ಸಣ್ಣ ತಪ್ಪುಗಳು ಕಾಣದಾದುವು. ಲೆಕ್ಕದಲ್ಲಿ ಎಲ್ಲವೂ ಚೆನ್ನಾಯಿತೆಂದು ಮೇಲಿನವರು ಸಂತೋಷಪಟ್ಟರು. ಅನಂತರ ಒಂದು ದೊಡ್ಡ ತಪ್ಪು ಬಂದಿತು. ವಿಚಾರಿಸಿದರೆ, ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಹದಿನೈದು ದಿನ ಮೊದಲೇ ಅದರ ಸುಳಿವು ಸಿಕ್ಕಿದ್ದಿತು. “ಯಾಕಪ್ಪ ಹೇಳಲಿಲ್ಲ?” ಎಂದು ಈಕೆ ಕೇಳಿದಳು. “ಅಕ್ಕಾ, ಹೇಳಿದವರ ಹೆಸರಿಗೇ ಬರೀತಾರಲ್ಲ” ಎಂದನಂತೆ ಆತ.

“ಸಾರ್, ಸಂಬಳ ಕಡಿಮೆಯಾಗಿಲ್ಲ, ಕೆಲಸವೂ ಹೋಗಿಲ್ಲ. ಆದರೂ ಏನೋ ಹೋಯಿತು ಅನ್ನಿಸುತ್ತೆ. ಈಗ ಊಟಕ್ಕೂ ಒಬ್ಬೊಬ್ಬರೇ ಹೋಗ್ತೀವಿ. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳೋದಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದ ಕಾಗದಕ್ಕೆ ಹನ್ನೊಂದೂ ಐದಕ್ಕೆ ಉತ್ತರ ಕೊಟ್ಟವರು ಒಳ್ಳೆಯವರು. ಹೋಗಿದ್ದು ಏನು ಅಂತ ಹೇಳೋಕೆ ನನಗೆ ಮಾತು ಸಿಗ್ತಿಲ್ಲ. ಕನ್ನಡದಲ್ಲಿ ಅದಕ್ಕೆ ಏನಂತಾರೆ?” ಎಂದಳು. ಕನ್ನಡ ಅಧ್ಯಾಪಕನಿಗೆ ಶಿಷ್ಯರು ಕೇಳುವ ಪ್ರಶ್ನೆಗಳಲ್ಲಿ ಇದರಷ್ಟು ಕಠಿಣವಾದುದು ನನಗೆ ಬಂದಿರಲಿಲ್ಲ.

ಅಂದು ಒಡನೆಯೇ ಉತ್ತರ ಹೊಳೆಯಲಿಲ್ಲ. ಆಕೆಯ ಕಚೇರಿಯಲ್ಲಿ ಬಳಕೆಯಲ್ಲಿರುವ ಮಾತುಗಳನ್ನೇ ಒಂದೊಂದಾಗಿ ಕೇಳತೊಡಗಿದೆನು. ಮನುಷ್ಯರನ್ನು ಅಲ್ಲಿ ‘ರಿಸೋರ್ಸ್’ ಎನ್ನುತ್ತಾರೆ. ಕಲ್ಲಿದ್ದಲು, ಕಬ್ಬಿಣ, ಕಾಡುಗಳಿಗೆ ಹೇಳುವ ಮಾತು. ‘ನಾಳೆಗೆ ಇಬ್ಬರು ರಿಸೋರ್ಸ್ ಬೇಕು’ ಎಂದರೆ ಇಬ್ಬರು ಮನುಷ್ಯರು ಬೇಕೆಂದು ಅರ್ಥ. ಕೆಲಸ ಗೊತ್ತಾಗದೆ ಕಾದಿರುವವರನ್ನು ‘ಬೆಂಚಿನ ಮೇಲಿದ್ದಾರೆ’ ಎನ್ನುತ್ತಾರೆ. ನಮ್ಮ ಹಳೆಯ ಶಾಲೆಗಳಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಪಾಠ ಒಪ್ಪಿಸದವನಿಗೆ ಕೊಡುವ ಶಿಕ್ಷೆಯಾಗಿದ್ದಿತು. ಅದು ಗಂಟೆ ಬಾರಿಸುವವರೆಗೆ ಮಾತ್ರ. ಶಬ್ದಗಳು ತಾವಾಗಿ ಯಾರನ್ನೂ ಹಿಂಸಿಸುವುದಿಲ್ಲವೆಂದು ಹೇಳಬಹುದು. ಆದರೆ ಹನ್ನೆರಡು ತಿಂಗಳು ಒಬ್ಬನನ್ನು ಒಂದು ಶಬ್ದದಿಂದ ಕರೆದರೆ ಹದಿಮೂರನೆಯ ತಿಂಗಳು ಅವನು ಆ ಶಬ್ದದ ಹಾಗೆಯೇ ಕಾಣತೊಡಗುತ್ತಾನೆ.

ಈ ಹಿನ್ನೆಲೆಯಲ್ಲಿಯೇ ದುಡಿಮೆಯ ಹೊತ್ತಿನ ವಾದವನ್ನೂ ನೋಡಬೇಕು. ೧೯೪೮ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿದ್ದಿತು. ೨೦೨೩ರಲ್ಲಿ ಕರ್ನಾಟಕ ಸರ್ಕಾರ, ವಾರದ ಮಿತಿಯನ್ನು ಉಳಿಸಿಕೊಂಡೇ, ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದರು. ೨೦೨೪ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನದ ಕಂಪನಿಗಳಲ್ಲಿ ದಿನಕ್ಕೆ ಹದಿನಾಲ್ಕು ಗಂಟೆಗಳವರೆಗೆ ದುಡಿಮೆಯನ್ನು ವಿಸ್ತರಿಸುವ ಪ್ರಸ್ತಾವ ರಾಜ್ಯದಲ್ಲಿ ಕೇಳಿಬಂದಾಗ ಆ ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು. ಇಂತಹ ವಾದಗಳು ಎದ್ದಾಗಲೆಲ್ಲ ನಮ್ಮವರು ಕಾಯಕದ ತತ್ತ್ವವನ್ನು ಎತ್ತಿಕೊಂಡು ಬರುವುದುಂಟು. ಶರಣರು ದುಡಿಮೆಯನ್ನೇ ಪೂಜೆಯೆಂದರಲ್ಲವೆ, ಪೂಜೆಗೆ ಗಂಟೆಯ ಲೆಕ್ಕವೇಕೆ ಎಂಬುದು ಅವರ ತರ್ಕ.

ಯಡಿಯೂರು ಸಿದ್ಧಲಿಂಗೇಶ್ವರರ ಸೀಮೆಯಾದ ಕುಣಿಗಲು ತಾಲ್ಲೂಕಿನ ಜನಕ್ಕೆ ವಚನಗಳನ್ನು ನಾನು ಪರಿಚಯಿಸಬೇಕಾದುದಿಲ್ಲ. ಆದರೂ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯಬೇಕು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿಯಾದ ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಸಾಕಾದುದಕ್ಕಿಂತ ಮಿಕ್ಕಿದ್ದು ಆಸೆಯೆಂದು ಹೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಅಟ್ಟಿದಳು. ಕಾಯಕವನ್ನು ಕೊಂಡಾಡುವವರು ಲಕ್ಕಮ್ಮನನ್ನು ಬಾಗಿಲ ಹೊರಗೆ ನಿಲ್ಲಿಸಿ ಮಾರಯ್ಯನನ್ನು ಮಾತ್ರ ಒಳಗೆ ಕರೆಯುವಂತಿಲ್ಲ. ಇಷ್ಟು ಸಾಕು ಎಂಬ ಅರಿವು ಕಾಯಕದ ಹೊರಗಿನ ನಿಯಮವಲ್ಲ. ಅದರ ಒಳಗಿನ ಅಂಗ.

ಆಗ ನನಗೆ ಆಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೋಗಿರುವುದು ‘ಮರ್ಯಾದೆ’. ಈ ಶಬ್ದಕ್ಕೆ ನಾವು ಇಂದು ಗೌರವವೆಂಬ ಅರ್ಥವನ್ನಷ್ಟೇ ಉಳಿಸಿಕೊಂಡಿದ್ದೇವೆ. ಅದರ ಮೂಲಾರ್ಥ ಎಲ್ಲೆ, ಮೇರೆ, ದಡ ಎಂಬುದು. ಸಮುದ್ರ ದಡವನ್ನು ಮೀರದಿರುವುದು ಅದರ ಮರ್ಯಾದೆಯೆಂದು ನಮ್ಮ ಹಿಂದಿನ ಕವಿಗಳು ತಿಳಿದಿದ್ದರು. ಒಂದೇ ಶಬ್ದದಲ್ಲಿ ಎಲ್ಲೆಯೂ ಗೌರವವೂ ಕೂಡಿಕೊಂಡದ್ದು ಆಕಸ್ಮಿಕವಲ್ಲ. ಇನ್ನೊಬ್ಬನಿಗೆ ಒಂದು ಮೇರೆಯಿದೆ, ಅವನ ಹೊತ್ತಿಗೆ, ಅವನ ನಿದ್ದೆಗೆ, ಅವನ ತಪ್ಪಿಗೆ ಸಲ್ಲಬೇಕಾದ ಕ್ಷಮೆಗೆ ಒಂದು ದಡವಿದೆಯೆಂದು ಒಪ್ಪುವುದೇ ಅವನನ್ನು ಗೌರವಿಸುವುದು. ಸಂಬಳ ಏರುತ್ತಿರುವಾಗಲೂ ಮರ್ಯಾದೆ ಹೋಗಬಹುದು. ಅದು ಹೋದದ್ದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಹಳೆಯ ಸರ್ಕಾರಿ ಉದ್ಯಮಗಳಲ್ಲಿ ಮರ್ಯಾದೆಯ ಹೆಸರಿನಲ್ಲಿ ಸೋಮಾರಿತನಕ್ಕೂ ನೆರಳಿತ್ತು. ಯಾರನ್ನೂ ಏನೂ ಕೇಳದಿರುವುದೇ ಸೌಜನ್ಯವೆನಿಸಿಕೊಂಡಿತ್ತು. ಲಾಭವಿಲ್ಲದ ಕಂಪನಿ ಉಳಿಯದು, ಉಳಿಯದ ಕಂಪನಿಯಲ್ಲಿ ಯಾರ ಮರ್ಯಾದೆ ಉಳಿದೀತು ಎಂದು ಕೇಳಬಹುದು. ನಮ್ಮ ತಂದೆತಾಯಂದಿರು ಕನಸಿನಲ್ಲಿಯೂ ಕಾಣದ ಸಂಬಳವನ್ನು ಈ ಕಂಪನಿಗಳು ನಮ್ಮ ಮಕ್ಕಳಿಗೆ ಕೊಟ್ಟಿವೆ; ಎಷ್ಟೋ ಮನೆಗಳಿಗೆ ತಾರಸಿ ಬಂದದ್ದು, ತಂಗಿಯರ ಓದು ಸಾಗಿದ್ದು ಆ ಹಣದಿಂದ. ಈ ಮಾತುಗಳನ್ನು ನಾನು ಅಲ್ಲಗಳೆಯಲಾರೆನು. ಆದರೆ ಯಾರೂ ಯಾರನ್ನೂ ಕೇಳದ ಮನೆಯೂ, ಎಲ್ಲರೂ ಎಲ್ಲರಿಗೂ ಹೆದರುವ ಮನೆಯೂ ಕೊನೆಗೆ ಸೇರುವುದು ಒಂದೇ ಕಡೆಗೆ: ಎರಡರಲ್ಲಿಯೂ ತಪ್ಪು ಬಾಯಿಗೆ ಬರುವುದಿಲ್ಲ. ಒಂದರಲ್ಲಿ ಹೇಳಿದರೂ ಏನೂ ಆಗದೆಂಬ ಬೇಸರ. ಇನ್ನೊಂದರಲ್ಲಿ ಹೇಳಿದರೆ ಏನಾದರೂ ಆದೀತೆಂಬ ಭಯ. ಧೂಳಿನ ಕಣ ಎರಡರಲ್ಲಿಯೂ ಒಳಗೇ ಉಳಿಯುತ್ತದೆ.

ಈ ಮಾತಿಗೆ ಇಂದು ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ತೂಕ ಬಂದಿದೆ. ಗಡಿಯಾರದ ಕಂಪನಿಯನ್ನು ಮುಚ್ಚಲು ದಿಲ್ಲಿಯಲ್ಲಿ ಒಪ್ಪಿಗೆ ಬಿದ್ದ ೨೦೧೬ರ ಜನವರಿ ತಿಂಗಳಲ್ಲಿಯೇ, ೩ನೆಯ ತಾರೀಖಿನಂದು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ೬೧೫ ಎಕರೆಗಳ ಆ ಕಾರ್ಖಾನೆ ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಯಾಯಿತು. ಇತ್ತ ತುಮಕೂರಿನ ಗಡಿಯಾರ ಕಾರ್ಖಾನೆಯ ನೂರಕ್ಕೂ ಹೆಚ್ಚು ಎಕರೆ ಜಮೀನು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಕೈಸೇರಿತು. ಒಂದು ಬಾಗಿಲು ಮುಚ್ಚಿದ ಊರಿನಲ್ಲಿ ಎರಡು ಬಾಗಿಲುಗಳು ತೆರೆದುವೆಂದು ನಾವು ಸಂತೋಷಪಡಬಹುದು, ಪಡಬೇಕು. ಆದರೆ ಗಡಿಯಾರದ ತಪ್ಪು ಅರ್ಧ ನಿಮಿಷದ್ದು, ಹೆಲಿಕಾಪ್ಟರಿನ ತಪ್ಪು ಪ್ರಾಣದ್ದು. ಅಲ್ಲಿ ಬಿಗಿಯದೆ ಉಳಿದ ತಿರು‍ಪೊಂದನ್ನು ಕಂಡ ಅತ್ಯಂತ ಕಿರಿಯನಾದ ಹುಡುಗ ಅತ್ಯಂತ ಹಿರಿಯನಾದ ಅಧಿಕಾರಿಯ ಮುಂದೆ ನಿಂತು ಅದನ್ನು ಹೇಳಬಲ್ಲನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಯಂತ್ರಗಳನ್ನು ಹೊರನಾಡಿನಿಂದ ತರಿಸಬಹುದು. ಆ ಧೈರ್ಯವನ್ನು ಇಲ್ಲಿಯೇ, ದಿನದಿನವೂ, ಕೈಯಾರೆ ತುಂಬಬೇಕು.

ಅಧ್ಯಾಪಕರಾದ ನಮಗೂ ಇದರಲ್ಲಿ ಪಾಲುಂಟು. ಕಾರ್ಖಾನೆಗೆ ಹೋಗುವ ಹುಡುಗ ಮೊದಲು ಕುಳಿತಿರುವುದು ನಮ್ಮ ತರಗತಿಯಲ್ಲಿ. ಕರಿಹಲಗೆಯ ಮೇಲೆ ನಾವು ತಪ್ಪು ಬರೆದಾಗ “ಸಾರ್, ಅಲ್ಲಿ ದೀರ್ಘ ಬರಬೇಕು” ಎಂದು ಎದ್ದುನಿಂತು ಹೇಳಿದವನನ್ನು ನಾವು ಹೇಗೆ ನೋಡುತ್ತೇವೆಯೋ ಅದೇ ಅವನ ಮೊದಲ ಉದ್ಯೋಗಶಿಕ್ಷಣ.

ಆ ಹೆಣ್ಣುಮಗಳು ಹೊರಡುವ ಮುನ್ನ, “ಬಿಡಲೋ ಇರಲೋ, ನೀವೇ ಹೇಳಿ ಸಾರ್” ಎಂದಳು. ಸಾಲದ ಕಂತು, ತಮ್ಮನ ಓದು, ತಾಯಿಯ ಔಷಧ, ಇವುಗಳ ಲೆಕ್ಕ ಗೊತ್ತಿರುವುದು ಆಕೆಗೆ. ಹೊರಗೆ ನಿಂತವನು ಧೈರ್ಯದ ಉಪದೇಶ ಮಾಡುವುದು ಸುಲಭ. “ಆ ಹುಡುಗನಿಗೆ ಏನು ಹೇಳಿಕೊಡಬಲ್ಲೆಯೋ ಅದನ್ನು ಮೊದಲು ಹೇಳಿಕೊಡಮ್ಮ. ಹೇಳಿಕೊಡುವುದಕ್ಕೂ ಅಲ್ಲಿ ಎಡೆಯಿಲ್ಲವಾದರೆ ಇರುವುದರಲ್ಲಿ ಅರ್ಥವಿಲ್ಲ” ಎಂದಷ್ಟೇ ಹೇಳಿದೆನು. ಮೂರು ತಿಂಗಳಾದ ಮೇಲೆ ಆಕೆ ಬೇರೊಂದು ಕಡೆ ಸೇರಿದಳೆಂದು ತಿಳಿಯಿತು. ಅದಕ್ಕೆ ಮೊದಲು ವಾರಕ್ಕೆರಡು ದಿನ ತನ್ನ ಊಟದ ಹೊತ್ತನ್ನು ಬಿಟ್ಟುಕೊಟ್ಟು, ತನಗಿಂತ ಕಿರಿಯರಾದ ನಾಲ್ವರನ್ನು ಕೂಡಿಸಿಕೊಂಡು, ಹಳೆಯ ಹಿರಿಯರು ಕಲಿಸಿದ್ದ ಆ ಹೆಸರಿಲ್ಲದ ಬರಹದ ಕ್ರಮವನ್ನು ಅವರಿಗೆ ಕಲಿಸಿದಳಂತೆ. ಕಂಪನಿ ಅದನ್ನು ಕೇಳಿರಲೂ ಇಲ್ಲ, ಬೇಡವೆಂದಿರಲೂ ಇಲ್ಲ. ಆ ನಾಲ್ವರಲ್ಲಿ ಇಬ್ಬರು ಇಂದಿಗೂ ಅಲ್ಲಿಯೇ ಇದ್ದಾರೆ; ಏನಾದರೂ ಕೆಟ್ಟಾಗ ಮರುದಿನ ಜೊತೆಯಲ್ಲಿ ಕುಳಿತು ಬರೆಯುತ್ತಾರೆ.